ಬಸುರಿಯ ಕೊಲೆಸ್ಟ್ರಾಲ್ ಮತ್ತು ನನ್ನ ಎಣ್ಣೆ ಮಿಲ್ಲು

ಸಂಪಾದಕರಿಗೆ ನಮಸ್ಕಾರ.

ನಾನು ಪೆರ್ಲದ ಹತ್ತಿರ ಒಂದು ಸಣ್ಣ ಎಣ್ಣೆ ಮಿಲ್ಲು ನಡೆಸುವವನು. ಕೊಬ್ಬರಿ ಒಣಗಿಸಿ ಎಣ್ಣೆ ತೆಗೆದು ಮಾರುವುದು, ಹಿಂಡಿಯನ್ನು ದನ ಸಾಕುವವರಿಗೆ ಕೊಡುವುದು, ಇದು ಮೂವತ್ತು ವರ್ಷಕ್ಕೂ ಮಿಕ್ಕಿದ ಕಸುಬು. ಹಾಗಾಗಿ ಕೊಲೆಸ್ಟ್ರಾಲ್ ಬಗ್ಗೆ ನಾನು ಬರೆದದ್ದನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ. ತನ್ನ ಎಣ್ಣೆಯನ್ನು ತಾನೇ ಬೈಯುವ ವ್ಯಾಪಾರಿ ಎಲ್ಲಿದ್ದಾನೆ ಅಂತ ಕೇಳಬಹುದು. ಮುಂದೆ ಸ್ವಲ್ಪ ಬೈದದ್ದೂ ಉಂಟು.

ಮಗಳನ್ನು ಕೊಟ್ಟದ್ದು ವಿಟ್ಲದ ಕಡೆಗೆ. ಅಡ್ಕಸ್ಥಳ, ಸಾರಡ್ಕ, ಅಡ್ಯನಡ್ಕ ದಾಟಿದರೆ ವಿಟ್ಲ. ದೂರ ಏನೂ ಇಲ್ಲ, ಆದರೆ ನಡುವೆ ಕೇರಳ-ಕರ್ನಾಟಕದ ಗಡಿ ಉಂಟು. ಅವಳಿಗೆ ಇದು ಎರಡನೆಯ ಬಸುರು. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ತವರಿಗೆ ಕರೆದುಕೊಂಡು ಬಂದೆವು. ಆಗ 27ನೆಯ ವಾರ.

ಬಂದ ವಾರವೇ ಪೇಟೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಆಫರ್ ಇತ್ತು. ಒಂದೇ ಸಲ ರಕ್ತ ಕೊಟ್ಟರೆ ಅರವತ್ತೋ ಎಪ್ಪತ್ತೋ ಪರೀಕ್ಷೆ, ದುಡ್ಡು ಅರ್ಧ. ಡಾಕ್ಟರ್ ಬರೆದುಕೊಟ್ಟದ್ದಲ್ಲ. ಹೇಗೂ ಹಿಮೋಗ್ಲೋಬಿನ್ ನೋಡಲಿಕ್ಕಿದೆ, ಎಲ್ಲ ಒಟ್ಟಿಗೇ ಆಗಲಿ ಅಂತ ಇವಳೇ ಹೋಗಿ ಕೊಟ್ಟು ಬಂದಳು. ಸಂಜೆ ಮೊಬೈಲಿಗೆ ಎಂಟು ಪುಟದ ರಿಪೋರ್ಟು ಬಂತು. ಅದರಲ್ಲಿ ಕೆಂಪು ಬಣ್ಣದಲ್ಲಿ ಒಟ್ಟು ಕೊಲೆಸ್ಟ್ರಾಲ್ 264, ಪಕ್ಕದಲ್ಲಿ ದಪ್ಪಕ್ಕೆ ಒಂದು ‘ಎಚ್’ ಅಕ್ಷರ. ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ 161, ಅದಕ್ಕೂ ಎಚ್. ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು 238, ಅದಕ್ಕೂ ಎಚ್. ಮಾರನೆಯ ದಿನ ಲ್ಯಾಬಿಗೆ ಹೋಗಿ ಕೇಳಿದರೆ ಕೌಂಟರಿನ ಹುಡುಗ ತಲೆ ಎತ್ತದೆ ‘ಕೊಳಸ್ಟ್ರೋಳ್ ಕೂಡುದಲಾಣ್’ ಅಂದ. ಜಾಸ್ತಿ ಉಂಟು ಅಂತ ಅರ್ಥ. ಅಷ್ಟು ನಮಗೂ ಗೊತ್ತಾಗಿತ್ತು ಮಾರಾಯ್ರೆ, ಕೆಂಪು ಬಣ್ಣ ಯಾವ ಭಾಷೆಯಲ್ಲೂ ಕೆಂಪೇ. ಜಾಸ್ತಿಯಾದರೆ ಎಂತ ಮಾಡಬೇಕು ಅನ್ನುವುದನ್ನು ಯಾರೂ ಹೇಳಲಿಲ್ಲ.

ಹೇಳಿದ್ದು ಮೊಬೈಲು. ಬಸುರಿಯಲ್ಲಿ ಕೊಲೆಸ್ಟ್ರಾಲ್ ಜಾಸ್ತಿಯಾದರೆ ತಿಂಗಳು ತುಂಬುವ ಮೊದಲೇ ಹೆರಿಗೆ ಆಗುತ್ತದೆ ಅಂತ ಎಲ್ಲೋ ಬರೆದದ್ದು ಅವಳ ಕಣ್ಣಿಗೆ ಬಿತ್ತು. ಬೇರೆಯವರಾದರೆ ಓದಿ ಮರೆಯುತ್ತಿದ್ದರೋ ಏನೋ. ಇವಳ ಮೊದಲ ಮಗು ಹುಟ್ಟಿದ್ದೇ 33ನೆಯ ವಾರದಲ್ಲಿ.

ಅವತ್ತಿನಿಂದ ನಮ್ಮ ಮನೆಯ ಊಟದ ರೀತಿಯೇ ಬದಲಾಯಿತು. ನೀರುದೋಸೆಗೆ ಚಟ್ನಿ ಬೇಡ, ಕಾಯಿ ಉಂಟಲ್ಲ. ಗಸಿ ಬೇಡ. ಹಾಲು ಬೇಡ. ಮೊಟ್ಟೆ ಬೇಡ. ಬೂತಾಯಿ ಮೀನು ಅಂದರೆ ಪ್ರಾಣ ಬಿಡುವವಳು, ಅದೂ ಬೇಡ. ಒಗ್ಗರಣೆಯ ಸದ್ದು ಕೇಳಿದರೆ ಅಡಿಗೆಮನೆಯಿಂದ ಆಚೆ ಹೋಗುತ್ತಿದ್ದಳು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಬೇಯಿಸಿದ ತೊಂಡೆಕಾಯಿ, ಇಷ್ಟೇ. ಎಣ್ಣೆ ಮಿಲ್ಲಿನವನ ಮಗಳು ಎಣ್ಣೆಯನ್ನು ವಿಷದ ಹಾಗೆ ನೋಡುವುದನ್ನು ನೋಡಿ ನನಗೆ ಮೊದಮೊದಲು ನಗು ಬಂತು. ಬಸುರಿಯ ಛಲ, ನಾಲ್ಕು ದಿನದಲ್ಲಿ ಸರಿಯಾಗುತ್ತದೆ ಅಂದುಕೊಂಡೆ. ಅದು ನನ್ನ ತಪ್ಪು.

ಅದಕ್ಕಿಂತ ದೊಡ್ಡ ತಪ್ಪು ಒಂದು ರಾತ್ರಿ ಆಗುವುದರಲ್ಲಿತ್ತು. ನನಗೂ ಕೊಲೆಸ್ಟ್ರಾಲ್ ಉಂಟು, ರಾತ್ರಿ ಊಟ ಆದ ಮೇಲೆ ಅಟೊರ್ವಾಸ್ಟಾಟಿನ್ ಮಾತ್ರೆ ನುಂಗುತ್ತೇನೆ. ನನ್ನ ಹೆಂಡತಿ ಒಂದು ದಿನ ಆ ಮಾತ್ರೆಯನ್ನು ಚಾಕುವಿನಲ್ಲಿ ಎರಡು ಮಾಡುತ್ತಿದ್ದಳು. ಎಂತಕ್ಕೆ ಅಂತ ಕೇಳಿದೆ. ‘ಇವಳಿಗೆ ಅರ್ಧ ಕೊಡುವಾ ಅಂತ. ನಿಮಗೆ ಇದರಲ್ಲೇ ಇಳಿದದ್ದಲ್ವಾ?’ ಅಂದಳು. ಪಾಪ, ಅವಳ ಲೆಕ್ಕದಲ್ಲಿ ಸರಿಯೇ. ಅದೇ ಖಾಯಿಲೆ, ಅದೇ ಮದ್ದು. ನಾನು ಯಾಕೋ ಹೆದರಿ ಬೇಡ ಅಂದೆ, ಅಷ್ಟೇ. ನಂತರ ಡಾಕ್ಟರ್ ಹೇಳಿದರು, ಸ್ಟಾಟಿನ್ ಅನ್ನುವ ಈ ಜಾತಿಯ ಮಾತ್ರೆ ತಿನ್ನುತ್ತಿದ್ದ ಹೆಂಗಸರಿಗೂ ಬಸುರು ನಿಂತದ್ದು ಗೊತ್ತಾದ ಕೂಡಲೇ ಸಾಮಾನ್ಯವಾಗಿ ಅದನ್ನು ನಿಲ್ಲಿಸುತ್ತಾರಂತೆ. ಹೃದಯದ ತೊಂದರೆ ತೀರಾ ಜೋರಾಗಿ ಇರುವವರ ವಿಷಯದಲ್ಲಿ ಮಾತ್ರ ಡಾಕ್ಟರೇ ಕೂತು ತೂಗಿ ನೋಡಿ ತೀರ್ಮಾನ ಮಾಡುತ್ತಾರಂತೆ. ಮೊಲೆಹಾಲು ಕೊಡುವಾಗಲೂ ಅದು ಬೇಡ. ಈ ಪತ್ರದಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ನೆನಪಿಡಿ ಅಂತ ಅಮ್ಮಂದಿರಿಗೆ, ಅತ್ತೆಯಂದಿರಿಗೆ ಹೇಳಬೇಕು ಅನಿಸುತ್ತದೆ. ನಮ್ಮ ಮನೆಯಲ್ಲಿ ಮಾತ್ರೆ ಆಗಲೇ ತುಂಡಾಗಿತ್ತು.

ಈಗ ತಕ್ಕಡಿಯ ಸುದ್ದಿ. ನಮ್ಮ ಮಿಲ್ಲಿನ ಬಾಗಿಲ ಹತ್ತಿರ ಕೊಬ್ಬರಿ ತೂಗುವ ತಕ್ಕಡಿ ಉಂಟು. ಮೊದಲು ಕಲ್ಲು ಇಟ್ಟು ತೂಗುವುದಿತ್ತು, ಈಗ ಕರೆಂಟಿನದ್ದು. ಮಗಳು ಮೂರನೆಯ ಕ್ಲಾಸಿನಲ್ಲಿದ್ದಾಗಿನಿಂದ ಭಾನುವಾರ ಅದರ ಮೇಲೆ ನಿಲ್ಲುವುದು ಅವಳ ಆಟ, ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ಬರೆಯುವುದು ನನ್ನ ಕೆಲಸ. ಬಸುರಿಯಾಗಿ ಬಂದ ಮೇಲೂ ನಿಂತಳು. ಮೊದಲ ಭಾನುವಾರ 61.2. ಮರುವಾರ 61. ಆಮೇಲೆ 60.3. ನಾಲ್ಕನೆಯ ಭಾನುವಾರ 59.6 ಅಂತ ಬರೆದು ಚಾಕ್‌ಪೀಸ್ ಕೈಯಲ್ಲಿ ಹಿಡಿದೇ ನಿಂತೆ. ಕೊಬ್ಬರಿ ಒಣಗಿದಷ್ಟೂ ತೂಕ ಇಳಿಯಬೇಕು, ಅದು ನನ್ನ ಕಸುಬಿನ ಸಂತೋಷ. ಏಳು ತಿಂಗಳ ಬಸುರಿ ಇಳಿಯಬಾರದು ಅಂತ ತಿಳಿಯಲಿಕ್ಕೆ ಡಾಕ್ಟರೇ ಆಗಬೇಕಾ? ಈ ದಿನಗಳಲ್ಲಿ ವಾರಕ್ಕೆ ಸುಮಾರು 400 ಗ್ರಾಮ್ ಏರಬೇಕಂತೆ. ಇವಳು ಮೂರು ವಾರದಲ್ಲಿ ಒಂದೂವರೆ ಕಿಲೋಕ್ಕಿಂತ ಜಾಸ್ತಿ ಇಳಿದಿದ್ದಳು.

ಸೋಮವಾರ ಬೆಳಿಗ್ಗೆಯೇ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ. ಅವರು ಉಪಕೇಂದ್ರದ ಸಿಸ್ಟರ್ ಹತ್ತಿರ ಕರೆದುಕೊಂಡು ಹೋದರು. ಸಿಸ್ಟರ್ ಕಣ್ಣೂರಿನ ಕಡೆಯವರು, ಮಲಯಾಳ ಮಾತ್ರ. ಆಶಾ ಅವರು ಅದನ್ನು ತುಳುವಿಗೆ ತಿರುಗಿಸಿ ನಮಗೆ ಹೇಳುವುದು, ನಮ್ಮದನ್ನು ಮಲಯಾಳಕ್ಕೆ ತಿರುಗಿಸಿ ಅವರಿಗೆ ಹೇಳುವುದು. ಸಿಸ್ಟರ್ ಆ ಎಂಟು ಪುಟದ ರಿಪೋರ್ಟನ್ನು ಬದಿಗಿಟ್ಟು ಮೊದಲು ಬಿಪಿ ನೋಡಿದರು, ಕಾಲು ಒತ್ತಿ ನೋಡಿದರು, ಮೂತ್ರ ನೋಡಿದರು. ನಂತರ, ಊಟ ಬಿಟ್ಟದ್ದು ಯಾರು ಹೇಳಿ ಅಂತ ಸ್ವಲ್ಪ ಜೋರಾಗಿಯೇ ಕೇಳಿ ಹೆರಿಗೆ ಡಾಕ್ಟರ ಹತ್ತಿರ ಕಳಿಸಿದರು.

ಡಾಕ್ಟರ್ ಪುಣ್ಯಕ್ಕೆ ಕನ್ನಡ ಬಲ್ಲವರು. ರಿಪೋರ್ಟು ನೋಡಿ, ಇದನ್ನು ಯಾರು ಮಾಡಿಸಲಿಕ್ಕೆ ಹೇಳಿದ್ದು ಅಂತ ಕೇಳಿದರು. ಯಾರೂ ಇಲ್ಲ ಅಂದೆವು. ಅವರು ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಬರೆಯುತ್ತೇನೆ.

ಬಸುರಿನಲ್ಲಿ ಕೊಲೆಸ್ಟ್ರಾಲ್ ತಾನಾಗಿಯೇ ಏರುತ್ತದೆ. ಮೊದಲ ತಿಂಗಳುಗಳಲ್ಲಿ ಸ್ವಲ್ಪ ಇಳಿದು, ನಾಲ್ಕನೆಯ ತಿಂಗಳಿನಿಂದ ಮೇಲೆ ಹೋಗಿ, ಕೊನೆಗೆ ಮೊದಲಿದ್ದದ್ದಕ್ಕಿಂತ ನೂರಕ್ಕೆ 25ರಿಂದ 50ರಷ್ಟು ಜಾಸ್ತಿ ಆಗುತ್ತದೆ. ಟ್ರೈಗ್ಲಿಸರೈಡ್ ಅಂತೂ ಎರಡು ಪಟ್ಟು, ಮೂರು ಪಟ್ಟು ಆಗುವುದೂ ಉಂಟು. ಹೆತ್ತ ಮೇಲೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಲ್ಯಾಬಿನವರು ಪಕ್ಕದಲ್ಲಿ ಛಾಪಿಸುವ ‘200ರ ಒಳಗೆ’ ಅನ್ನುವ ಗೆರೆ ಬಸುರಿ ಅಲ್ಲದವರ ಗೆರೆ. ಅಂದರೆ ನನ್ನ ಮಗಳನ್ನು ನನ್ನ ಅಳತೆಯಲ್ಲಿ ಅಳೆದು ಕೆಂಪು ಬಳಿದದ್ದು. ಅದಕ್ಕೇ ಎಲ್ಲ ಬಸುರಿಯರಿಗೂ ಮಾಡಿಸುವ ಪರೀಕ್ಷೆಗಳ ಪಟ್ಟಿಯಲ್ಲಿ ಕೊಲೆಸ್ಟ್ರಾಲ್ ಇಲ್ಲ.

ಯಾಕೆ ಏರುತ್ತದೆ ಅಂತ ನಾನು ಕೇಳಿದೆ. ಅದಕ್ಕೆ ಅವರು ಹೇಳಿದ್ದು ಕೇಳಿ ನನಗೆ ನಿಜಕ್ಕೂ ಆಶ್ಚರ್ಯ ಆಯಿತು. ಮಗುವಿನ ಮೈಯ ಒಂದೊಂದು ಕಣದ ಗೋಡೆಗೂ, ಮಿದುಳಿಗೂ ಕೊಲೆಸ್ಟ್ರಾಲ್ ಬೇಕು. ಇನ್ನೊಂದು, ಗರ್ಭಚೀಲ ಅವಧಿಗೆ ಮೊದಲೇ ಹಿಂಡದ ಹಾಗೆ ತಣ್ಣಗೆ ಇರಿಸುವ ಹಾರ್ಮೋನು ಪ್ರೊಜೆಸ್ಟರಾನ್. ಅದನ್ನು ಮಾಸು ತಯಾರು ಮಾಡುತ್ತದೆ. ಯಾವುದರಿಂದ? ತಾಯಿಯ ರಕ್ತದ ಕೊಲೆಸ್ಟ್ರಾಲಿನಿಂದ. ಬೇಗ ಹೆರಿಗೆ ಆಗಬಾರದು ಅಂತ ಇವಳು ಯಾವುದನ್ನು ಹೆದರಿ ದೂರ ಇಟ್ಟಳೋ, ಹೆರಿಗೆಯನ್ನು ತಡೆದು ಹಿಡಿಯುವ ಸರಕು ತಯಾರಾಗುವುದೇ ಅದರಿಂದ. ಕೊಬ್ಬರಿ ತರಿಸುವುದನ್ನು ನಿಲ್ಲಿಸಿ ಮಿಲ್ಲು ಓಡಲಿ ಅಂದ ಹಾಗಾಯಿತು.

ಹಾಗಾದರೆ ಮೊಬೈಲಿನಲ್ಲಿ ಬಂದದ್ದು ಪೂರ್ತಿ ಸುಳ್ಳಾ? ಅದೂ ಅಲ್ಲ. ನನ್ನ ತಂಗಿಯ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಪಾಠ ಮಾಡುತ್ತಾಳೆ. ಅವಳನ್ನು ಕಾಡಿ ಕೇಳಿದ್ದಕ್ಕೆ ಓದಿ ತಿಳಿಸಿದಳು. ಬಸುರಿನ ಮೊದಲ ತಿಂಗಳುಗಳಲ್ಲೇ ಕೊಲೆಸ್ಟ್ರಾಲ್ ತುಂಬಾ ಜಾಸ್ತಿ ಇದ್ದವರಲ್ಲಿ ಬೇಗ ಹೆರಿಗೆ ಆಗುವುದು ಹೆಚ್ಚು ಅಂತ ತೋರಿಸಿದ ಅಧ್ಯಯನಗಳು ಇವೆ. 2007ರಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾದ ಸಾವಿರ ಚಿಲ್ಲರೆ ತಾಯಂದಿರ ಲೆಕ್ಕ ಪ್ರಕಟವಾಯಿತು. ಅದರಲ್ಲಿ ಕಂಡದ್ದು ಇನ್ನೊಂದು ತುದಿ. ಕೊಲೆಸ್ಟ್ರಾಲ್ ತೀರಾ ಕಡಿಮೆ ಇದ್ದ ಬಿಳಿಯ ತಾಯಂದಿರಲ್ಲಿ ನೂರಕ್ಕೆ 21 ಮಂದಿಗೆ ಬೇಗ ಹೆರಿಗೆ ಆಗಿತ್ತು, ಮಧ್ಯಮ ಮಟ್ಟದಲ್ಲಿದ್ದವರಲ್ಲಿ ನೂರಕ್ಕೆ 5. ಆಮ್‌ಸ್ಟರ್‌ಡ್ಯಾಮಿನಲ್ಲಿ ನಾಲ್ಕು ಸಾವಿರ ಬಸುರಿಯರನ್ನು ನೋಡಿ 2012ರಲ್ಲಿ ಬರೆದದ್ದು ಇನ್ನೂ ಬೇರೆ. ಅಲ್ಲಿ ಒಟ್ಟು ಕೊಲೆಸ್ಟ್ರಾಲಿಗೂ ತೊಂದರೆಗಳಿಗೂ ನಂಟು ಕಾಣಲಿಲ್ಲ. ಟ್ರೈಗ್ಲಿಸರೈಡ್ ಏರಿದವರಲ್ಲಿ ಬಿಪಿ ಏರುವುದು, ಬಿಪಿ ಏರಿ ಬರುವ ಬಸುರಿನ ನಂಜು, ಮತ್ತು ಡಾಕ್ಟರೇ ಬೇಗ ಹೆರಿಗೆ ಮಾಡಿಸಬೇಕಾಗಿ ಬರುವುದು ಜಾಸ್ತಿ ಇತ್ತು. ನಂಟು ಉಂಟು ಅಂದ ಮಾತ್ರಕ್ಕೆ ಅದೇ ಕಾರಣ ಅಂತ ಆಗುವುದಿಲ್ಲ ಮಾವ, ಅಂತ ಅವಳು ಎರಡು ಸಲ ಹೇಳಿದಳು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮಿಲ್ಲಿನ ಹತ್ತಿರ ಕಾಗೆ ಜಾಸ್ತಿ, ಹಾಗಂತ ಎಣ್ಣೆ ತೆಗೆಯುವುದು ಕಾಗೆ ಅಲ್ಲ.

ಇಷ್ಟು ಹೊಂದಿಕೆ ಇಲ್ಲದ ಲೆಕ್ಕವನ್ನು ಯಾರೋ ಒಂದು ಸಾಲಿಗೆ ಇಳಿಸಿ ಮೊಬೈಲಿಗೆ ಬಿಟ್ಟರು. ಪೆರ್ಲದಲ್ಲಿ ಒಬ್ಬಳು ಊಟ ಬಿಟ್ಟಳು.

ಡಾಕ್ಟರ್ ಆ 264ನ್ನು ಬಿಟ್ಟು ಕೇಳಿದ ಪ್ರಶ್ನೆಗಳೇ ಬೇರೆ. ಮೊದಲ ಮಗು ಎಷ್ಟನೆಯ ವಾರಕ್ಕೆ? ಯಾಕೆ ಬೇಗ ಆಯಿತು? ಮೂತ್ರದಲ್ಲಿ ಉರಿ ಉಂಟಾ? ಎರಡನೆಯ ಸಕ್ಕರೆ ಪರೀಕ್ಷೆ ಆಗಿದೆಯಾ?

ಮೊದಲನೆಯದರ ಕತೆ ಹೇಳುತ್ತೇನೆ. 33ನೆಯ ವಾರದಲ್ಲಿ ಒಂದು ಸಂಜೆ ಅವಳಿಗೆ ಸೊಂಟ ನೋವು. ಬಂದು ಬಂದು ಹೋಗುತ್ತಿತ್ತು. ಬಟ್ಟೆ ಒಗೆದದ್ದಕ್ಕೆ ಅಂತ ಬಿಸಿನೀರು ಹಾಕಿದೆವು. ರಾತ್ರಿ ಹನ್ನೊಂದಕ್ಕೆ ನೀರು ಹೋಯಿತು. ಗಡಿ ದಾಟಿ ಮಂಗಳೂರಿಗೆ ಹೋದದ್ದು ನೆರೆಮನೆಯವರ ಜೀಪಿನಲ್ಲಿ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು 2020ರ ಮಾರ್ಚ್, ಕೊರೊನಾ ಅಂತ ತಲಪಾಡಿಯ ಗಡಿಯಲ್ಲಿ ದಾರಿ ಮುಚ್ಚಿದ್ದು. ಅವತ್ತು ದಾರಿ ತೆರೆದೇ ಇತ್ತು. ಅಲ್ಲಿ ಮಗುವಿನ ಶ್ವಾಸಕೋಶ ಬಲಿಯಲಿ ಅಂತ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರು. 34 ವಾರದ ಒಳಗೆ ಹೆರಿಗೆ ಆಗುವ ಹಾಗಿದ್ದರೆ ಅದು ದೊಡ್ಡ ಆಸರೆ, ಆದರೆ ಕೊಡಬೇಕಾದರೆ ಹೆರುವ ಮೊದಲೇ ಆಸ್ಪತ್ರೆ ಮುಟ್ಟಬೇಕು. ಮಗು 1 ಕಿಲೋ 850 ಗ್ರಾಮ್. ಅಷ್ಟು ಚಿಕ್ಕ ತಲೆಗೆ ಅವರಲ್ಲಿದ್ದ ಟೊಪ್ಪಿ ದೊಡ್ಡದಾಗಿ, ಅಂಚನ್ನು ಎರಡು ಸಲ ಮಡಚಿ ಹಾಕಿದ್ದರು.

ಆಮೇಲೆ ಮಗುವನ್ನು ಬರಿಮೈಯಲ್ಲಿ ಎದೆಗೆ ಕಟ್ಟಿಕೊಳ್ಳಲಿಕ್ಕೆ ಹೇಳಿದರು, ಕಾಂಗರೂ ಹಾಗೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾದ ಉಪಾಯವಂತೆ. ತಾಯಿಗೆ ಸುಸ್ತಾದಾಗ ಮನೆಯ ಯಾರಾದರೂ ಆಗಬಹುದು ಅಂದರು. ಅಳಿಯ ಆಗ ಕೊಲ್ಲಿಯಲ್ಲಿದ್ದ. ನಾನು ಅಂಗಿ ಬಿಚ್ಚಿ ಕೂತೆ. ನರ್ಸು ಹತ್ತಿರ ಬಂದು ಮೂಗು ಎಳೆದು, ‘ಅಜ್ಜ, ನೀವು ಕೊಬ್ಬರಿ ಮಿಲ್ಲಿನವರಾ? ಸೋಪು ಹಾಕಿ ಸ್ನಾನ ಮಾಡಿ ಬನ್ನಿ’ ಅಂತ ಎಬ್ಬಿಸಿ ಕಳಿಸಿದರು. ಆ ಪುಟ್ಟ ಈಗ ಅಂಗನವಾಡಿಗೆ ಹೋಗುತ್ತಾನೆ, ಹಿಂಡಿ ಚೀಲದ ಮೇಲೆ ಹತ್ತಿ ಕುಣಿಯುತ್ತಾನೆ.

ಬೇಗ ಹೆರಿಗೆ ಆದದ್ದಕ್ಕೆ ಅಲ್ಲಿಯವರು ಹೇಳಿದ ಕಾರಣ ಮೂತ್ರದ ಸೋಂಕು. ಎರಡು ವಾರದಿಂದ ಉರಿ ಇತ್ತಂತೆ. ಗಂಡನ ಮನೆಯಲ್ಲಿ ಹೇಳಲಿಕ್ಕೆ ನಾಚಿಕೆ, ನಮ್ಮ ಹತ್ತಿರ ಹೇಳಲಿಕ್ಕೂ ನಾಚಿಕೆ. ಕೊಲೆಸ್ಟ್ರಾಲಿನ ಬಗ್ಗೆ ಫೋನಿನಲ್ಲಿ ಹತ್ತು ಮಂದಿಗೆ ಹೇಳಿದವಳು ಅವತ್ತು ಉರಿಯ ಬಗ್ಗೆ ಒಬ್ಬರಿಗೂ ಹೇಳಿರಲಿಲ್ಲ. ಮೊದಲು ಒಮ್ಮೆ ಬೇಗ ಹೆತ್ತವರಿಗೆ ಮತ್ತೆ ಹಾಗೆ ಆಗುವ ಸಂಭವ ಬೇರೆಯವರಿಗಿಂತ ಜಾಸ್ತಿ. ಹಾಗೆಯೇ ಸೋಂಕು, ಬಿಪಿ, ಸಕ್ಕರೆ, ರಕ್ತ ಕಡಿಮೆ ಇರುವುದು, ಅವಳಿ ಮಕ್ಕಳು, ಎರಡು ಬಸುರಿನ ನಡುವೆ ಅಂತರ ಸಾಲದಿರುವುದು. ಡಾಕ್ಟರ್ ಗಮನ ಇಟ್ಟದ್ದು ಇವುಗಳ ಮೇಲೆ. 37 ವಾರ ತುಂಬುವ ಮೊದಲು ಹುಟ್ಟಿದರೆ ಅವಧಿಗೆ ಮೊದಲು ಅಂತ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2020ರಲ್ಲಿ ಪ್ರಪಂಚದಲ್ಲಿ ಹಾಗೆ ಹುಟ್ಟಿದ ಮಕ್ಕಳು 1 ಕೋಟಿ 34 ಲಕ್ಷ. ಅದರಲ್ಲಿ ಸುಮಾರು 30 ಲಕ್ಷ ನಮ್ಮ ದೇಶದ್ದೇ.

ಸಕ್ಕರೆ ಪರೀಕ್ಷೆಯ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. 75 ಗ್ರಾಮ್ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುವುದು. ಒಮ್ಮೆ ಮೊದಲ ಭೇಟಿಯಲ್ಲಿ, ಮತ್ತೊಮ್ಮೆ 24ರಿಂದ 28ನೆಯ ವಾರದ ಒಳಗೆ. ಮೊದಲನೆಯದು ಗಂಡನ ಮನೆಯ ಕಡೆ ಆಗಿತ್ತು, ಅಲ್ಲಿನ ತಾಯಿ ಕಾರ್ಡಿನಲ್ಲಿ ಕನ್ನಡದಲ್ಲಿ ಬರೆದಿತ್ತು. ಎರಡನೆಯದಕ್ಕೆ ಅವರು, ಹೇಗೂ ತವರಿಗೆ ಹೋಗುತ್ತೀಯಲ್ಲ, ಅಲ್ಲೇ ಮಾಡಿಸು ಅಂದರು. ಇಲ್ಲಿಗೆ ಬಂದರೆ ಇಲ್ಲಿ ಬೇರೆ ಕಾರ್ಡು, ಮಲಯಾಳದ್ದು. ಹೊಸದಾಗಿ ಹೆಸರು ಬರೆಸಬೇಕು. ಬರೆದುಕೊಂಡವರು ಅಲ್ಲಿ ಆಗಿರಬಹುದು ಅಂದುಕೊಂಡರು. ಹೀಗೆ ಬೇಕಾದ ಒಂದು ಪರೀಕ್ಷೆ ಸಾರಡ್ಕದ ಗಡಿಯಲ್ಲಿ ಬಿದ್ದು ಹೋಯಿತು, ಬೇಡದ ಅರವತ್ತು ಪರೀಕ್ಷೆ ಆಫರಿನಲ್ಲಿ ಆಯಿತು. ಡಾಕ್ಟರ್ ಅದೇ ದಿನ ಮಾಡಿಸಿದರು. 158 ಬಂತು. 140 ಮುಟ್ಟಿದರೆ, ದಾಟಿದರೆ ಬಸುರಿನ ಸಕ್ಕರೆ ಖಾಯಿಲೆ. ಟ್ರೈಗ್ಲಿಸರೈಡ್ ಅಷ್ಟು ಏರಿದ್ದರಲ್ಲಿ ಇದರ ಪಾಲೂ ಇರಬಹುದು ಅಂದರು. ಎಣ್ಣೆಗೆ ಹೆದರಿ ಮೂರು ಹೊತ್ತೂ ಗಂಜಿ ಕುಡಿದಳಲ್ಲ, ಅದು ಅವಳಿಗೆ ಬೇಕಾದದ್ದರ ಸರಿ ಉಲ್ಟಾ ಊಟ.

ಇನ್ನೂ ಒಂದು ಪ್ರಶ್ನೆ ಕೇಳಿದರು. ಮನೆಯಲ್ಲಿ ಯಾರಿಗಾದರೂ ಚಿಕ್ಕ ಪ್ರಾಯದಲ್ಲಿ ಹಾರ್ಟ್ ಅಟ್ಯಾಕ್ ಆಗಿದೆಯಾ? ನನ್ನ ಅಣ್ಣ ಹೋದದ್ದು 44ಕ್ಕೆ, ತೋಟದಲ್ಲಿ ಅಡಿಕೆ ಹೆಕ್ಕುವಾಗ. ನನಗೆ ಮಾತ್ರೆ ಇಲ್ಲದಿದ್ದಾಗ 290 ಇತ್ತು. ಡಾಕ್ಟರ್ ಬರೆದುಕೊಂಡರು. ವಂಶದಿಂದ ಬರುವ ಕೊಲೆಸ್ಟ್ರಾಲ್ ಅಂತ ಒಂದು ಉಂಟಂತೆ, ಸುಮಾರು 250 ಮಂದಿಯಲ್ಲಿ ಒಬ್ಬರಿಗೆ. ಅದಕ್ಕೇ ಹೆತ್ತು ಆರು ವಾರ ಕಳೆದ ಮೇಲೆ ಇವಳ ಕೊಲೆಸ್ಟ್ರಾಲ್ ಇನ್ನೊಮ್ಮೆ ನೋಡಬೇಕು, ಆಗಿನ ನಂಬರೇ ಲೆಕ್ಕದ ನಂಬರು ಅಂದರು. ಮನೆಯವರೆಲ್ಲ ಒಂದು ತಿಂಗಳು ನನ್ನ ಎಣ್ಣೆಯನ್ನು ಬೈದರು. ಕೊಟ್ಟದ್ದು ಎಣ್ಣೆಯೋ ರಕ್ತವೋ, ಆಗ ಗೊತ್ತಾಗುತ್ತದೆ.

ಎಣ್ಣೆಯ ಬಗ್ಗೆ ಮಾತು ಕೊಟ್ಟಿದ್ದೆನಲ್ಲ. ನಾಲ್ಕೈದು ವರ್ಷದಿಂದ ನನ್ನ ಬಾಟ್ಲಿಯ ಚೀಟಿಯಲ್ಲಿ ‘ಕೊಲೆಸ್ಟ್ರಾಲ್ ರಹಿತ’ ಅಂತ ಛಾಪಿಸುತ್ತಿದ್ದೆ. ಸುಳ್ಳಲ್ಲ. ಗಿಡಮರದಿಂದ ಬರುವ ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇರುವುದಿಲ್ಲ. ಆದರೆ ಅರ್ಧ ಸತ್ಯ. ತೆಂಗಿನೆಣ್ಣೆಯಲ್ಲಿ ನೂರಕ್ಕೆ 90ರ ಹತ್ತಿರ ಗಟ್ಟಿ ಕೊಬ್ಬು, ಸ್ಯಾಚುರೇಟೆಡ್ ಅನ್ನುವುದು. ಅದು ಹೊಟ್ಟೆಗೆ ಹೋದರೆ ನಮ್ಮ ಲಿವರ್ ರಕ್ತದ ಎಲ್‌ಡಿಎಲ್ಲನ್ನು ಏರಿಸುತ್ತದೆ. ಒಳ್ಳೆಯದು ಅನ್ನುವ ಎಚ್‌ಡಿಎಲ್ ಕೂಡ ಸ್ವಲ್ಪ ಏರುತ್ತದೆ, ಆದರೆ ಅದರಿಂದ ಇದು ಸರಿಹೋಗುತ್ತದೆ ಅಂತ ಯಾವ ಡಾಕ್ಟರೂ ನನಗೆ ಹೇಳಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯಲ್ಲಿ ಲೆಕ್ಕ ಹಾಕಿದರೆ ದೊಡ್ಡವರಿಗೆ ದಿನಕ್ಕೆ ಸುಮಾರು 22 ಗ್ರಾಮ್ ಗಟ್ಟಿ ಕೊಬ್ಬು ಸಾಕು. ಐದು ಜನರ ಮನೆಗೆ ನನ್ನಿಂದ ತಿಂಗಳಿಗೆ ನಾಲ್ಕು ಲೀಟರ್ ಹೋಗುತ್ತದೆ. ಭಾಗಿಸಿ ನೋಡಿ, ಕಾಯಿ, ತುಪ್ಪ, ಹಾಲು, ಬೇಕರಿ ತಿಂಡಿ ಬರುವ ಮೊದಲೇ ಆ ಮಿತಿ ಎಣ್ಣೆಯಲ್ಲೇ ಮುಗಿಯುತ್ತದೆ. 2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿದಾಗ ಕೆಲವರು ತಿಂಗಳಿಗೆ ಎರಡು ಲೀಟರಿಗೆ ಇಳಿದರು. ಅವರು ಯಾರೂ ಸೊರಗಲಿಲ್ಲ, ಸೊರಗಿದ್ದು ನಾನು. ಹೊಸ ಚೀಟಿ ಛಾಪಿಸುವಾಗ ಆ ಎರಡು ಶಬ್ದ ತೆಗೆಸಿದ್ದೇನೆ. ಹಳೆಯದು ಒಂದು ಕಟ್ಟು ಉಳಿದಿದೆ, ಕಂಡರೆ ಬೈಯಬೇಡಿ.

ಅಂದರೆ ಬಸುರಿ ಎಣ್ಣೆ ಬಿಡಬೇಕಾ? ಬೇಡ, ಅಳತೆ ಇರಲಿ ಅಂದರು. ಇವಳಿಗೆ ಬರೆದುಕೊಟ್ಟ ಊಟದಲ್ಲಿ ಅನ್ನ ಕಡಿಮೆ, ಹೆಸರುಕಾಳು, ಮೊಟ್ಟೆ, ಸೊಪ್ಪು, ಹಾಲು ಜಾಸ್ತಿ, ಚಟ್ನಿ ಎರಡು ಚಮಚ. ಬೂತಾಯಿ ವಾರಕ್ಕೆ ಎರಡು ಸಲ, ಹುರಿಯದೆ ಪುಳಿಮುಂಚಿ ಮಾಡಿ. ಇದರ ಹಿಂದೆಯೂ ಒಂದು ವಿಷಯ ಉಂಟು. 2018ರಲ್ಲಿ ಕಾಕ್ರೇನ್ ಅನ್ನುವ ಸಂಸ್ಥೆ 70 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿತ್ತು. ಮೀನಿನಲ್ಲಿರುವ ಒಮೆಗಾ-3 ಕೊಬ್ಬು ಸಿಕ್ಕಿದ ಬಸುರಿಯರಲ್ಲಿ 34 ವಾರಕ್ಕೆ ಮೊದಲು ಹೆರುವುದು ನೂರಕ್ಕೆ 4.6ರಿಂದ 2.7ಕ್ಕೆ ಇಳಿದಿತ್ತು. ಆ ಪ್ರಯೋಗಗಳಲ್ಲಿ ಹೆಚ್ಚಿನವು ಮಾತ್ರೆಯದ್ದು ಅಂತ ತಂಗಿಯ ಮಗಳು ಎಚ್ಚರಿಸಿದಳು. ಇರಲಿ. ಕುಂಬಳೆಯ ಕಡೆಯಿಂದ ಸ್ಕೂಟರಿನಲ್ಲಿ ಬರುವ ಮೀನಿನವನ ಹಾರ್ನು ಕೇಳಿದರೆ ಈಗ ಮಗಳೇ ಮೊದಲು ಗೇಟಿಗೆ ಹೋಗುವುದು.

ಈಗ ಪತ್ರ ಬರೆದ ಕಾರಣ. ನಮ್ಮ ಮನೆಮಾತು ತುಳು. ಓದಿದ್ದು ಕನ್ನಡ. ಆಸ್ಪತ್ರೆಯ ಮಾತು ಮಲಯಾಳ. ರಿಪೋರ್ಟು ಇಂಗ್ಲಿಷ್. ಈ ನಾಲ್ಕರ ನಡುವೆ ಬಸುರಿಗೆ ಅರ್ಥವಾಗುವ ಕನ್ನಡದಲ್ಲಿ ಮಾತಾಡಿದ್ದು ಮೊಬೈಲು ಒಂದೇ, ಅದು ಹೇಳಿದ್ದು ತಪ್ಪು. ಕೇರಳದ 1969ರ ಆಡಳಿತ ಭಾಷೆಯ ಕಾಯಿದೆಯಲ್ಲಿ ನಾವು ಸರ್ಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಇದೆ. ಅರ್ಜಿಗೆ ಸಿಕ್ಕಿದ ಮರ್ಯಾದೆ ಬಸುರಿಯ ಕಾರ್ಡಿಗೂ ಸಿಗಬೇಕಲ್ವಾ? ಮಂಜೇಶ್ವರ, ಕಾಸರಗೋಡು ತಾಲೂಕಿನ ಉಪಕೇಂದ್ರಗಳಲ್ಲಿ ಒಂದೇ ಒಂದು ಹಾಳೆ ಕನ್ನಡದಲ್ಲಿ ಛಾಪಿಸಿ ಇಟ್ಟರೆ ಸಾಕು. ಯಾವ ವಾರಕ್ಕೆ ಯಾವ ಪರೀಕ್ಷೆ, ಯಾವುದು ಬೇಡ. ಸೊಂಟ ನೋವು ಬಂದು ಬಂದು ಹೋದರೆ, ನೀರು ಹೋದರೆ, ರಕ್ತ ಕಂಡರೆ, ಕಣ್ಣು ಮಂಜಾಗಿ ತಲೆನೋವು ಬಂದರೆ ಬಿಸಿನೀರು ಹಾಕುತ್ತಾ ಕೂರದೆ 108ಕ್ಕೆ ಫೋನ್ ಮಾಡಬೇಕು. ಗಡಿ ದಾಟಿ ತವರಿಗೆ ಬಂದವರ ಎರಡು ಕಾರ್ಡನ್ನು ಪಕ್ಕಪಕ್ಕ ಇಟ್ಟು ಏನು ಬಾಕಿ ಅಂತ ನೋಡಲಿಕ್ಕೆ ಸಿಸ್ಟರಿಗೆ ಐದು ನಿಮಿಷ ಬೇಕು. ಲ್ಯಾಬಿನವರು ಬಸುರಿಯ ರಕ್ತ ಅಂತ ಗೊತ್ತಿದ್ದೂ ಆ ‘ಎಚ್’ ಹಾಕುವುದಾದರೆ, ಕೆಳಗೆ ‘ಈ ಗೆರೆ ಬಸುರಿಯರದ್ದಲ್ಲ, ಡಾಕ್ಟರಿಗೆ ತೋರಿಸಿ’ ಅಂತ ಒಂದು ಸಾಲು ಸೇರಿಸಲಿ. ಶಾಯಿಗೆ ಎಷ್ಟು ಖರ್ಚಾದೀತು?

ನಿಮ್ಮ ಪತ್ರಿಕೆಗೂ ಒಂದು ಮಾತು. ಆರೋಗ್ಯದ ಸುದ್ದಿ ಹಾಕುವಾಗ ‘ಅಧ್ಯಯನ ಹೇಳುತ್ತದೆ’ ಅಂತ ಒಂದೇ ಸಾಲಿಗೆ ನಿಲ್ಲಿಸಬೇಡಿ. ಎಷ್ಟು ಮಂದಿಯನ್ನು ನೋಡಿದರು, ಯಾವ ತಿಂಗಳಲ್ಲಿ ನೋಡಿದರು, ಬೇರೆಯವರು ಎಂತ ಹೇಳಿದರು ಅನ್ನುವುದನ್ನೂ ಹಾಕಿ. ಜಾಗ ಸಾಲದಿದ್ದರೆ ಎಣ್ಣೆಯ ಜಾಹೀರಾತು ಒಂದು ಕಡಿಮೆ ಮಾಡಿ, ನನ್ನದು ಹೇಗೂ ಇಲ್ಲ.

ಈ ಭಾನುವಾರಕ್ಕೆ 35 ವಾರ ಆಯಿತು. ಬಿಪಿ ಸರಿ ಉಂಟು, ಮೂತ್ರದಲ್ಲಿ ಸೋಂಕಿಲ್ಲ, ಊಟವಾಗಿ ಎರಡು ಗಂಟೆಗೆ ಸಕ್ಕರೆ 120ರ ಒಳಗೆ ನಿಲ್ಲುತ್ತಿದೆ, ಒಂದು ದಿನ ಮಾತ್ರ 131 ಬಂತು, ಹಲಸಿನ ಹಣ್ಣು ತಿಂದಿದ್ದಳು. ತಕ್ಕಡಿಯ ಹತ್ತಿರದ ಗೋಡೆಯಲ್ಲಿ 59.6ರ ಕೆಳಗೆ 60.1, 60.5, 60.9, 61.4 ಅಂತ ಬರೆದಿದೆ. ನಿನ್ನೆ ಬರೆದದ್ದು 61.8. ಮೊಮ್ಮಗನೂ ತಾನು ನಿಲ್ಲಬೇಕು ಅಂತ ಹಠ ಮಾಡಿದ, ಅವನದ್ದು ಪಕ್ಕದಲ್ಲಿ ಬೇರೆ ಗೆರೆ ಎಳೆದು ಬರೆದೆ. 15 ಕಿಲೋ 300.

ಇಂತಿ,
ಒಬ್ಬ ಎಣ್ಣೆ ಮಿಲ್ಲಿನವ
ಪೆರ್ಲ, ಕಾಸರಗೋಡು ಜಿಲ್ಲೆ